ತೆಗೆದ ಗಡ್ಡೆಗೂ ಒಂದು ಹೆಸರಿದೆ

ಶಿರಸಿಯ ಒಂದು ಮಹಿಳಾ ಸಂಘದವರು ಮಾತಾಡಲು ಕರೆದಿದ್ದರು. ಭಾನುವಾರ ಮಧ್ಯಾಹ್ನ. ಹೊರಗೆ ಜೋರು ಮಳೆ, ಒಳಗೆ ನೂರರ ಹತ್ತಿರ ಹೆಂಗಸರು, ಹಿಂದಿನ ಸಾಲಿನಲ್ಲಿ ನಾಲ್ಕಾರು ಗಂಡಸರು. ಹೇಳಿದ್ದನ್ನು ಬರೆದು ಕೊಡಿ ಎಂದು ಆಮೇಲೆ ಹಲವರು ಕೇಳಿದರು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಹೆಂಚಿನ ಮೇಲಿನ ಮಳೆ ಸದ್ದಿಗೆ ಕೆಲವು ಕಡೆ ನನ್ನ ದನಿಯೇ ಕೇಳುವುದಿಲ್ಲ, ಅಲ್ಲಿ ನೆನಪಿನಿಂದ ತುಂಬಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲಿ ಬಂದಿದ್ದೀರಿ. ಸಿದ್ದಾಪುರ, ಬನವಾಸಿ ಕಡೆಯಿಂದ ಬಸ್ಸು ಹಿಡಿದು ಬಂದವರೂ ಇದ್ದೀರಿ. ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ.

ನಾನು ಪೆಥಾಲಜಿ ಡಾಕ್ಟರು. ಸ್ಟೆತಸ್ಕೋಪ್ ಹಾಕಿಕೊಂಡು ವಾರ್ಡಿನಲ್ಲಿ ಓಡಾಡುವ ಡಾಕ್ಟರಲ್ಲ. ಆಪರೇಷನ್ನಿನಲ್ಲಿ ನಿಮ್ಮ ಹೊಟ್ಟೆಯಿಂದ ತೆಗೆದದ್ದು ಡಬ್ಬಿಯಲ್ಲಿ ನನ್ನ ಮೇಜಿಗೆ ಬರುತ್ತದೆ. ಅದನ್ನು ಕೊಯ್ದು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಹೆರೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಏನು ಎಂದು ಬರೆದು ಕೊಡುವುದು ನನ್ನ ಕೆಲಸ. ಹೆಸರಿಡುವ ಕೆಲಸ ಎನ್ನಿ. ಇವತ್ತು ಹೇಳಬೇಕೆಂದಿರುವುದು ಆ ಹೆಸರಿನ ವಿಷಯವೇ.

ನನ್ನ ಚಿಕ್ಕಮ್ಮನಿಂದ ಶುರು ಮಾಡುತ್ತೇನೆ. ಆಗ ನಾನು ಎಂಬಿಬಿಎಸ್ ಮೊದಲ ವರ್ಷ. ಚಿಕ್ಕಮ್ಮನಿಗೆ 54. ಮುಟ್ಟು ನಿಂತು ಮೂರು ವರ್ಷ ಆಗಿತ್ತು. ಊಟ ಮಾಡಿ ಎದ್ದರೆ ಸಾಕು, ಮುಖ, ಕುತ್ತಿಗೆ ಎಲ್ಲ ಕುಂಕುಮ ಬಳಿದ ಹಾಗೆ ಕೆಂಪಾಗುತ್ತಿತ್ತು. ಐದು ನಿಮಿಷವೋ ಹತ್ತು ನಿಮಿಷವೋ ಇದ್ದು ಇಳಿಯುತ್ತಿತ್ತು. ಬೆವರು ಮಾತ್ರ ಬರುತ್ತಿರಲಿಲ್ಲ. ದಿನಕ್ಕೆ ನಾಲ್ಕೈದು ಸಲ ಭೇದಿ. ಯಾರಾದರೂ ಕೇಳಿದರೆ ‘ಎಂತೂ ಆಜಿಲ್ಲೆ, ಈ ವಯಸ್ಸಿಗೆ ಹಂಗೇ ಆಗ್ತು’ ಅನ್ನುತ್ತಿದ್ದಳು. ಡಾಕ್ಟರೂ ಅದನ್ನೇ ಹೇಳಿದರು. ಮುಟ್ಟು ನಿಲ್ಲುವ ಕಾಲದ ಬಿಸಿ, ಅಷ್ಟೇ. ಭೇದಿಗೆ ಬೇರೆ ಮಾತ್ರೆ ಕೊಟ್ಟರು. ಎರಡನ್ನೂ ಒಟ್ಟಿಗೆ ಇಟ್ಟು ಯಾರೂ ಯೋಚಿಸಲಿಲ್ಲ. ಎರಡು ವರ್ಷ ಹಾಗೇ ಹೋಯಿತು. ಹೊಟ್ಟೆ ಒಂದು ಬದಿಗೆ ಉಬ್ಬಿದ ಹಾಗೆ ಕಾಣತೊಡಗಿದ ಮೇಲೆ ಸ್ಕ್ಯಾನ್ ಮಾಡಿಸಿದರು. ಬಲಗಡೆ ಅಂಡಾಶಯದಲ್ಲಿ ಗಡ್ಡೆ.

ಆಪರೇಷನ್ ಆಯಿತು. ಎಲ್ಲಿ ಎಂದು ಹೇಳುವುದಿಲ್ಲ, ಅದು ಇವತ್ತಿನ ವಿಷಯವೂ ಅಲ್ಲ. ಮುಗಿದ ಮೇಲೆ ನರ್ಸ್ ಒಂದು ಸ್ಟೀಲ್ ಬೇಸಿನ್ ತಂದು ನಮಗೆ ತೋರಿಸಿದರು. ನಿಮ್ಮಲ್ಲಿ ಎಷ್ಟೋ ಜನ ಇಂಥ ಬೇಸಿನ್ ನೋಡಿರುತ್ತೀರಿ, ಅಲ್ವಾ? ‘ನೋಡಿ, ಇದನ್ನು ತೆಗೆದಿದ್ದೇವೆ’ ಎಂದು ತೋರಿಸುತ್ತಾರೆ. ಮನೆಯವರು ಮುಖ ತಿರುಗಿಸುತ್ತಾರೆ. ನಾನು ಮೆಡಿಕಲ್ ಓದುವವಳು ಅನ್ನುವ ಧೈರ್ಯಕ್ಕೆ ಬಗ್ಗಿ ನೋಡಿದೆ. ದೊಡ್ಡ ಚೀಲ, ಒಳಗೆ ಬೆಣ್ಣೆಯಂಥ ಕೊಬ್ಬು, ಉದ್ದುದ್ದ ಕೂದಲು. ಅದರ ಪಕ್ಕಕ್ಕೆ ಅಂಟಿಕೊಂಡು ಕಿತ್ತಳೆ ಗಾತ್ರದ ಗಟ್ಟಿ ಉಂಡೆ, ತಿಳಿ ಹಳದಿ ಬಣ್ಣ, ನುಣ್ಣಗೆ. ಆ ಹಳದಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

‘ಪರೀಕ್ಷೆಗೆ ಕಳಿಸಬೇಕಾ, ಹುಬ್ಬಳ್ಳಿಗೆ ನೀವೇ ಒಯ್ಯಬೇಕಾಗುತ್ತದೆ’ ಎಂದು ಕೇಳಿದರು. ಮಳೆಗಾಲ, ಗದ್ದೆ ನಾಟಿ ನಡೆದಿತ್ತು, ಚಿಕ್ಕಪ್ಪ ಒಬ್ಬರೇ. ಡಾಕ್ಟರು ಬೇರೆ ‘ನೋಡಲಿಕ್ಕೆ ಸಾದಾ ಡರ್ಮಾಯ್ಡ್ ಗಡ್ಡೆ ಥರವೇ ಇದೆ’ ಅಂದರು, ಅಂದರೆ ಕೂದಲು, ಕೊಬ್ಬು ತುಂಬಿದ, ಹೆಚ್ಚಾಗಿ ತೊಂದರೆ ಮಾಡದ ಚೀಲ. ಬೇಡ ಎಂದಾಯಿತು. ಆ ಉಳಿತಾಯ ಆಗಿನ ಲೆಕ್ಕಕ್ಕೆ ಐನೂರು ರೂಪಾಯಿಯೂ ಇರಲಿಕ್ಕಿಲ್ಲ. ನಾನು ಅಲ್ಲೇ ಇದ್ದೆ. ನನಗೂ ಏನೂ ಹೊಳೆಯಲಿಲ್ಲ.

ಚಿಕ್ಕಮ್ಮನ ಮುಖ ಕೆಂಪಾಗುವುದು ಆಪರೇಷನ್ನಿನ ಮರುದಿನದಿಂದ ನಿಂತಿತು. ಭೇದಿಯೂ ನಿಂತಿತು. ಎಲ್ಲರೂ ಖುಷಿಪಟ್ಟರು. ಮೊದಲೇ ಸ್ವಲ್ಪ ಸ್ವಲ್ಪ ಶುರುವಾಗಿದ್ದ ಕಾಲು ಊದುವುದು ಮಾತ್ರ ನಿಲ್ಲಲಿಲ್ಲ. ವರ್ಷ ಕಳೆದ ಹಾಗೆ ಜಾಸ್ತಿಯೇ ಆಯಿತು. ಆಮೇಲೆ ಹೊಟ್ಟೆಯಲ್ಲಿ ನೀರು. ಹೃದಯದ ಎಕೋ ಮಾಡಿದರು. ಹೃದಯದ ಬಲಗಡೆಯ ಕವಾಟ ದಪ್ಪಗಾಗಿ, ಮುಚ್ಚಿಕೊಳ್ಳಲಾಗದೆ ಸೋರುತ್ತಿತ್ತು. ಹೃದಯದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: ‘ಇವರಿಗೆ ಹಿಂದೆ ಗಡ್ಡೆ ತೆಗೆದಿದ್ದರಾ? ಅದರ ರಿಪೋರ್ಟ್ ಎಲ್ಲಿ?’

ರಿಪೋರ್ಟ್ ಇರಲಿಲ್ಲ. ಗಡ್ಡೆಯೂ ಇರಲಿಲ್ಲ.

ಅಷ್ಟು ಹೊತ್ತಿಗೆ ನಾನು ಪೆಥಾಲಜಿ ಓದುತ್ತಿದ್ದೆ. ಕಾರ್ಸಿನಾಯ್ಡ್ ಅಂದರೆ ಹಾರ್ಮೋನ್ ಬಿಡುವ ಒಂದು ಜಾತಿಯ ಗಡ್ಡೆ. ಅಂಡಾಶಯದಲ್ಲಿ ಬರುವ ಕಾರ್ಸಿನಾಯ್ಡ್ ಬಗ್ಗೆ ಪುಸ್ತಕದಲ್ಲಿ ಒಂದು ಪುಟ ಇತ್ತು. ಡರ್ಮಾಯ್ಡ್ ಚೀಲದ ಗೋಡೆಯಲ್ಲಿ ಗಟ್ಟಿಯಾದ ಹಳದಿ ಉಂಡೆ. ಮುಖ ಕೆಂಪಾಗುವುದು, ಭೇದಿ, ಹೃದಯದ ಬಲಗಡೆಯ ಕವಾಟ. ಓದುತ್ತ ಓದುತ್ತ ನನಗೆ ಆ ಬೇಸಿನ್ ಕಣ್ಣ ಮುಂದೆ ಬಂತು. ಆ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಮಾಡಲಿಲ್ಲ.

ಅದು ಕಾರ್ಸಿನಾಯ್ಡೇ ಆಗಿತ್ತು ಎಂದು ನಾನು ಇವತ್ತು ಹೇಳಲಾರೆ. ನೋಡದೆ ಹೆಸರಿಡುವುದು ನನ್ನ ಕೆಲಸದಲ್ಲಿ ತಪ್ಪು. ಚಿಕ್ಕಮ್ಮ ತೀರಿಕೊಂಡಳು, ಹೆಸರಿಲ್ಲದ ಕಾಯಿಲೆಯಲ್ಲಿ.

ಈಗ ಕಾರ್ಸಿನಾಯ್ಡ್ ಸೇರುವ ಆ ಗಡ್ಡೆಗಳ ಸಾಲಿನ ವಿಷಯ. ನ್ಯೂರೋಎಂಡೋಕ್ರೈನ್ ಎನ್ನುವ ಉದ್ದ ಹೆಸರನ್ನು ನಮ್ಮಲ್ಲಿ ಬಹಳ ಜನ ಮೊದಲು ಕೇಳಿದ್ದು 2018ರಲ್ಲಿ, ನಟ ಇರ್ಫಾನ್ ಖಾನ್ ತಮಗೆ ಅದು ಬಂದಿದೆ ಎಂದು ಹೇಳಿಕೊಂಡಾಗ. ಎರಡು ವರ್ಷದ ಮೇಲೆ, 2020ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ನ್ಯೂರೋ ಅಂದ ಕೂಡಲೇ ಮಿದುಳಿನದು ಎಂದುಕೊಂಡವರೇ ಜಾಸ್ತಿ. ಹಾಗಲ್ಲ. ನಮ್ಮ ಮೈಯಲ್ಲಿ ಒಂದು ಜಾತಿಯ ಕೋಶಗಳಿವೆ. ನರದ ಗುಣವೂ ಇದೆ, ಹಾರ್ಮೋನ್ ಮಾಡುವ ಗುಣವೂ ಇದೆ. ಕರುಳು, ಹೊಟ್ಟೆ, ಶ್ವಾಸಕೋಶ, ಮೇದೋಜೀರಕ, ಎಲ್ಲ ಕಡೆ ಒಂದೊಂದಾಗಿ ಚದುರಿಕೊಂಡಿವೆ. ಅವು ಗಡ್ಡೆಯಾಗಿ ಬೆಳೆದರೆ ನ್ಯೂರೋಎಂಡೋಕ್ರೈನ್ ಗಡ್ಡೆ. ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಒಬರ್ನ್‌ಡಾರ್ಫರ್ ಎಂಬ ಪೆಥಾಲಜಿಸ್ಟ್ 1907ರಲ್ಲಿ ಕರುಳಿನ ಇಂಥ ಗಡ್ಡೆಗಳಿಗೆ ಕಾರ್ಸಿನಾಯ್ಡ್ ಎಂದು ಹೆಸರಿಟ್ಟರು. ಕ್ಯಾನ್ಸರಿನ ಹಾಗೆ ಕಾಣುತ್ತದೆ, ಆದರೆ ಅಷ್ಟು ಕೆಟ್ಟದ್ದಲ್ಲ ಅನ್ನುವ ಅರ್ಥದಲ್ಲಿ. ಅಷ್ಟು ನಿರುಪದ್ರವಿಯೂ ಅಲ್ಲ, ಹರಡುವುದೂ ಉಂಟು ಎಂದು ಆಮೇಲೆ ಅವರೇ ತಿದ್ದಿಕೊಂಡರು. ಕರುಳಿನಂಥ ಅಂಗಗಳಲ್ಲಿ ಈಗ ಆ ಹೆಸರು ಹಿಂದೆ ಸರಿದಿದೆ, ಶ್ವಾಸಕೋಶದಲ್ಲೂ ಅಂಡಾಶಯದಲ್ಲೂ ಇನ್ನೂ ಬಳಕೆಯಲ್ಲಿದೆ.

ಅಂಡಾಶಯಕ್ಕೆ ಇದು ಎಲ್ಲಿಂದ ಬಂತು? ಹೆಚ್ಚಿನ ಸಲ ಡರ್ಮಾಯ್ಡಿನಿಂದ. ಅಂಡಾಶಯದಲ್ಲಿರುವುದು ಮೊಟ್ಟೆಯ ಕೋಶ, ಒಂದು ಇಡೀ ಮಗುವನ್ನು ಮಾಡುವ ಶಕ್ತಿ ಅದಕ್ಕಿದೆ. ಅದು ಸುಮ್ನೆ ತನ್ನಷ್ಟಕ್ಕೆ ದಾರಿ ತಪ್ಪಿ ಬೆಳೆಯಲು ಹೊರಟರೆ ಚರ್ಮ ಮಾಡುತ್ತದೆ, ಕೂದಲು ಮಾಡುತ್ತದೆ, ಹಲ್ಲು ಮಾಡುತ್ತದೆ. ನಮ್ಮ ಕಡೆ ಹಳ್ಳಿಗಳಲ್ಲಿ ಇದನ್ನು ಮಾಟ ಎಂದವರಿದ್ದಾರೆ, ಮದುವೆಯಾಗದ ಹುಡುಗಿಯರ ಬಗ್ಗೆ ಕೆಟ್ಟ ಮಾತಾಡಿದವರೂ ಇದ್ದಾರೆ. ಇದನ್ನು ಮನೆಗೆ ಹೋಗಿ ಎಲ್ಲರಿಗೂ ಹೇಳಿ: ಡರ್ಮಾಯ್ಡ್ ಗಂಡಸಿನ ಸಂಪರ್ಕದಿಂದ ಬರುವುದಲ್ಲ, ಶಾಪದಿಂದ ಬರುವುದೂ ಅಲ್ಲ. ಹದಿನೈದು ವರ್ಷದ ಹುಡುಗಿಗೂ ಬರುತ್ತದೆ. ಬಹುಪಾಲು ಏನೂ ತೊಂದರೆ ಮಾಡದ ಗಡ್ಡೆ. ಚರ್ಮ, ಹಲ್ಲು ಮಾಡಿದ ಹಾಗೇ ಅದು ಕೆಲವೊಮ್ಮೆ ಥೈರಾಯ್ಡ್ ಮಾಡುತ್ತದೆ, ಕರುಳಿನ ಗೋಡೆ ಮಾಡುತ್ತದೆ, ಅದರೊಳಗಿನ ಹಾರ್ಮೋನ್ ಕೋಶವನ್ನೂ ಮಾಡುತ್ತದೆ. ಬಹಳ ಅಪರೂಪಕ್ಕೆ ಆ ಕೋಶ ಗಡ್ಡೆ ಕಟ್ಟುತ್ತದೆ. ಎಷ್ಟು ಅಪರೂಪ ಅಂದರೆ, ಅಂಡಾಶಯದ ಗಡ್ಡೆ ಸಾವಿರ ನೋಡಿದರೆ ಇಂಥದ್ದು ಒಂದು ಸಿಗಬಹುದು. ಕೆಲವು ಪೆಥಾಲಜಿ ಡಾಕ್ಟರು ಇಡೀ ಜೀವನದಲ್ಲಿ ಎರಡು ಮೂರು ನೋಡಿರುತ್ತಾರೆ.

ಅಪರೂಪದ್ದನ್ನು ನಮಗೆ ಯಾಕೆ ಹೇಳುತ್ತಿದ್ದೀರಿ ಎಂದು ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ತಾಳಿ.

ಇಂಥ ಗಡ್ಡೆ ಮಾಡುವ ಒಂದು ಮುಖ್ಯ ರಸ ಸೆರೊಟೊನಿನ್. ಅದು ರಕ್ತದಲ್ಲಿ ಅತಿಯಾದರೆ ಭೇದಿ ಆಗುತ್ತದೆ. ಗಡ್ಡೆ ಸೆರೊಟೊನಿನ್ ಜೊತೆ ಬೇರೆ ರಸಗಳನ್ನೂ ಬಿಡುತ್ತದೆ. ಎಲ್ಲ ಸೇರಿ ಮುಖ ಕೆಂಪಾಗುತ್ತದೆ, ಕೆಲವರಿಗೆ ಉಬ್ಬಸ ಬರುತ್ತದೆ. ಕಾರ್ಸಿನಾಯ್ಡ್ ಸಿಂಡ್ರೋಮ್ ಅನ್ನುತ್ತಾರೆ. ಕರುಳಿನಲ್ಲಿ ಇದೇ ಗಡ್ಡೆ ಇದ್ದರೆ ಸಾಮಾನ್ಯವಾಗಿ ಹೀಗೆ ಆಗುವುದಿಲ್ಲ, ಯಕೃತ್ತಿಗೆ ಹರಡಿದ ಮೇಲೆಯೇ ಆಗುವುದು. ಅಂಡಾಶಯದಲ್ಲಿದ್ದರೆ ಎಲ್ಲಿಗೂ ಹರಡದೆಯೂ ಆಗಬಹುದು. ಯಾಕೆ ಹೀಗೆ?

ನಮ್ಮ ನದಿಗಳನ್ನೇ ನೋಡಿ. ಕಾಳಿ ನದಿ ಸಮುದ್ರಕ್ಕೆ ಸೇರುವ ಮೊದಲು ಸೂಪಾದಲ್ಲಿ ನಿಲ್ಲಬೇಕು, ಕೊಡಸಳ್ಳಿಯಲ್ಲಿ ನಿಲ್ಲಬೇಕು, ಕದ್ರಾದಲ್ಲಿ ನಿಲ್ಲಬೇಕು. ಅಣೆಕಟ್ಟು ಬಿಟ್ಟಷ್ಟೇ ನೀರು ಕಾರವಾರದ ಸೇತುವೆ ಕೆಳಗೆ ಬರುವುದು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಇಲ್ಲಿ ಶಿರಸಿ ಕಡೆ ಹುಟ್ಟಿ, ಘಟ್ಟ ಇಳಿದು, ಕುಮಟಾದ ಹತ್ತಿರ ನೇರ ಸಮುದ್ರ. ಕರುಳಿನ ರಕ್ತ ಕಾಳಿಯ ಹಾಗೆ. ಹೃದಯಕ್ಕೆ ಹೋಗುವ ಮೊದಲು ಯಕೃತ್ತನ್ನು ಹಾಯ್ದು ಹೋಗಬೇಕು, ಯಕೃತ್ತು ಸೆರೊಟೊನಿನ್ನನ್ನು ಅಲ್ಲೇ ಮುರಿದು ಹಾಕುತ್ತದೆ. ಅಂಡಾಶಯದ ರಕ್ತ ಅಘನಾಶಿನಿಯ ಹಾಗೆ. ಬಲ ಅಂಡಾಶಯದ ರಕ್ತನಾಳ ನೇರ ಹೊಟ್ಟೆಯ ದೊಡ್ಡ ರಕ್ತನಾಳಕ್ಕೆ ಸೇರುತ್ತದೆ, ಎಡದ್ದು ಕಿಡ್ನಿಯ ರಕ್ತನಾಳದ ಮೂಲಕ ಸೇರುತ್ತದೆ. ಅಲ್ಲಿಂದ ನೇರ ಹೃದಯದ ಬಲಗಡೆ. ನಡುವೆ ತಡೆಯುವವರಿಲ್ಲ. ಆ ರಸ ವರ್ಷಗಟ್ಟಲೆ ತಾಗಿ ತಾಗಿ ಬಲಗಡೆಯ ಕವಾಟ ಒರಟಾಗುತ್ತದೆ. ಮುಂದೆ ಶ್ವಾಸಕೋಶ ಆ ರಸವನ್ನು ಮುರಿಯುವುದರಿಂದ ಎಡಗಡೆಯ ಕವಾಟ ಹೆಚ್ಚಾಗಿ ಕೆಡದೆ ಉಳಿದುಕೊಳ್ಳುತ್ತದೆ. ಗಡ್ಡೆ ತೆಗೆದರೆ ಭೇದಿ ನಿಲ್ಲುತ್ತದೆ, ಮುಖದ ಕೆಂಪು ನಿಲ್ಲುತ್ತದೆ. ಒರಟಾದ ಕವಾಟ ಮಾತ್ರ ತಿರುಗಿ ಮೆತ್ತಗಾಗುವುದಿಲ್ಲ. ಅದಕ್ಕೇ ಹೆಸರು ಗೊತ್ತಿರಬೇಕು. ಗೊತ್ತಿದ್ದರೆ ಆಪರೇಷನ್ ಆದ ತಿಂಗಳಲ್ಲೇ ಹೃದಯ ನೋಡುತ್ತಾರೆ, ಕಾಲು ಊದುವವರೆಗೆ ಕಾಯುವುದಿಲ್ಲ.

ಮೈಕ್ರೋಸ್ಕೋಪಿನಲ್ಲಿ ಇದು ಹೇಗೆ ಕಾಣುತ್ತದೆ ಎಂದು ಹೇಳಲೇಬೇಕು, ನನಗೆ ಬಹಳ ಇಷ್ಟದ ವಿಷಯ. ಈ ಒಂದೊಂದು ಕೋಶದ ಒಳಗಿನ ಬೀಜದಲ್ಲಿ, ಅಂದರೆ ನ್ಯೂಕ್ಲಿಯಸ್ಸಿನಲ್ಲಿ, ಕಪ್ಪು ಚುಕ್ಕಿಗಳಿರುತ್ತವೆ, ಸಣ್ಣವು, ದೊಡ್ಡವು, ಬೆರೆತು. ಜಗತ್ತಿನ ಎಲ್ಲ ಪೆಥಾಲಜಿ ಪುಸ್ತಕಗಳೂ ಅದನ್ನು ಉಪ್ಪು–ಕಾಳುಮೆಣಸು ಎಂದೇ ಕರೆಯುತ್ತವೆ. ಸಾಣಿಕಟ್ಟೆಯ ಉಪ್ಪಿಗೆ ನಮ್ಮ ಶಿರಸಿಯ ಮೆಣಸಿನ ಪುಡಿ ಉದುರಿಸಿದ ಹಾಗೆ ಕಣ್ರೀ, ನಾನು ಪ್ರತಿ ಸಲ ನೋಡುವಾಗಲೂ ಊರು ನೆನಪಾಗುತ್ತದೆ. ಕೋಶಗಳು ಗುಂಪು ಗುಂಪಾಗಿ ಕೂತಿದ್ದರೆ ದ್ವೀಪದ ಮಾದರಿ. ಕಾರವಾರದ ಕಡಲ ತೀರದಲ್ಲಿ ನಿಂತರೆ ಕೂರ್ಮಗಡ ಒಂದು ಕಡೆ, ಅಂಜುದೀವ್ ಒಂದು ಕಡೆ ಕಾಣುತ್ತದಲ್ಲ, ಹಾಗೆ ಗುಲಾಬಿ ಬಣ್ಣದ ಸಮುದ್ರದಲ್ಲಿ ಗಡ್ಡೆಯ ದ್ವೀಪಗಳು. ಮುಖ ಕೆಂಪಾಗುವ ತೊಂದರೆ ಹೆಚ್ಚಾಗಿ ಈ ಮಾದರಿಯಲ್ಲಿ. 1975ರಲ್ಲಿ ರಾಬಾಯ್, ನಾರಿಸ್, ಸ್ಕಲ್ಲಿ ಎಂಬ ಮೂವರು ಪೆಥಾಲಜಿಸ್ಟರು ಈ ದ್ವೀಪ ಮಾದರಿಯ 48 ಗಡ್ಡೆಗಳನ್ನು ಒಟ್ಟು ಹಾಕಿ ಬರೆದರು. ಈ ಸಿಂಡ್ರೋಮ್ ಸುಮಾರು ಮೂರರಲ್ಲಿ ಒಬ್ಬರಿಗೆ ಇತ್ತು. ಆ ನಲವತ್ತೆಂಟು ಗಡ್ಡೆಗಳನ್ನು ಯಾರೋ ಡಬ್ಬಿಗೆ ಹಾಕಿ ಕಳಿಸಿದ್ದರಿಂದಲೇ ನಮಗೆ ಇವತ್ತು ಇಷ್ಟು ಗೊತ್ತಿರುವುದು.

ಇನ್ನೊಂದು ಮಾದರಿ ರಿಬ್ಬನ್ನಿನ ಹಾಗೆ ಸಾಲು ಸಾಲು. ಮತ್ತೊಂದು ಥೈರಾಯ್ಡಿನ ಜೊತೆ ಬೆರೆತದ್ದು. ಇವುಗಳಲ್ಲಿ ಕೆಲವರಿಗೆ ಭೇದಿಯ ಬದಲು ಭಾರಿ ಮಲಬದ್ಧತೆ ಆಗುತ್ತದೆ, ಗಡ್ಡೆ ಮಾಡುವ ಇನ್ನೊಂದು ರಸ ಕರುಳನ್ನು ನಿಧಾನ ಮಾಡುವುದರಿಂದ. ವರ್ಷಗಟ್ಟಲೆ ಇಸಬಗೋಲು ತಿಂದವರಿಗೆ ಆಪರೇಷನ್ ಆದ ಕೂಡಲೇ ಸರಾಗವಾದ ಉದಾಹರಣೆಗಳಿವೆ.

ಕಾರ್ಸಿನಾಯ್ಡ್ ಅಂಡಾಶಯದಲ್ಲೇ ಹುಟ್ಟಿ, ಒಂದೇ ಕಡೆ ಇದ್ದು, ಹೊರಗೆ ಹರಡಿಲ್ಲ ಅಂದರೆ ಅದನ್ನು ತೆಗೆದರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಕೀಮೋ ಬೇಡ. ವಯಸ್ಸು ಸಣ್ಣದಾದರೆ ಒಂದೇ ಅಂಡಾಶಯ ತೆಗೆದು ಇನ್ನೊಂದನ್ನೂ ಗರ್ಭಕೋಶವನ್ನೂ ಉಳಿಸಬಹುದು.

ಆದರೆ ಕಾರ್ಸಿನಾಯ್ಡ್ ಅಂಡಾಶಯಕ್ಕೆ ನೆಂಟನಾಗಿಯೂ ಬರುತ್ತದೆ. ಸಣ್ಣ ಕರುಳಿನಲ್ಲೋ ಅಪೆಂಡಿಕ್ಸಿನಲ್ಲೋ ಕಡಲೆ ಕಾಳಿನಷ್ಟು ಗಡ್ಡೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ, ಅಂಡಾಶಯಕ್ಕೆ ಹರಡಿ ಅಲ್ಲಿ ತೆಂಗಿನಕಾಯಿಯಷ್ಟಾಗುತ್ತದೆ. ಎರಡೂ ಅಂಡಾಶಯದಲ್ಲಿ ಇದ್ದರೆ, ಡರ್ಮಾಯ್ಡಿನ ಸುಳಿವೇ ಇಲ್ಲದಿದ್ದರೆ, ಗಡ್ಡೆ ಬೇರೆ ಬೇರೆ ಉಂಡೆಗಳಾಗಿದ್ದರೆ ನಮಗೆ ಅನುಮಾನ ಬರುತ್ತದೆ. ಕೂದಲು, ಕೊಬ್ಬು ಜೊತೆಗಿದ್ದರೆ ಅದು ಇಲ್ಲೇ ಹುಟ್ಟಿದ್ದು ಎಂಬ ಕಡೆಗೆ ವಾಲುತ್ತೇವೆ. ಎರಡಕ್ಕೂ ಮೈಕ್ರೋಸ್ಕೋಪಿನಲ್ಲಿ ಅದೇ ಉಪ್ಪು–ಮೆಣಸು, ಅದೇ ದ್ವೀಪ. ಮುಂದಿನ ದಾರಿ ಮಾತ್ರ ಪೂರಾ ಬೇರೆ. ಒಬ್ಬರಿಗೆ ಚಿಕಿತ್ಸೆ ಮುಗಿದಿದೆ, ಇನ್ನೊಬ್ಬರಿಗೆ ಈಗ ಶುರು. ಕರುಳು ಹುಡುಕಬೇಕು, ಯಕೃತ್ತು ನೋಡಬೇಕು, ಗ್ಯಾಲಿಯಂ ಹಾಕಿ ಮಾಡುವ ವಿಶೇಷ ಪೆಟ್ ಸ್ಕ್ಯಾನ್ ಬೇಕು, ಆಕ್ಟ್ರಿಯೋಟೈಡ್ ಎಂಬ ಇಂಜೆಕ್ಷನ್ ಬೇಕಾಗಬಹುದು.

ಇನ್ನೊಂದು ಕಡೆ ತುಂಬ ಕೆಟ್ಟ ಜಾತಿಯವೂ ಇವೆ. ಸಣ್ಣ ಕೋಶದ ಕ್ಯಾನ್ಸರ್, ದೊಡ್ಡ ಕೋಶದ ನ್ಯೂರೋಎಂಡೋಕ್ರೈನ್ ಕ್ಯಾನ್ಸರ್. ಇವು ಅಡಿಕೆ ಮರದ ಹಾಗೆ ನಿಧಾನ ಬೆಳೆಯುವವಲ್ಲ. ಆಷಾಢದ ಹೊಳೆಯ ಹಾಗೆ ಏರುತ್ತವೆ. ಆಪರೇಷನ್ ಒಂದೇ ಸಾಲದು, ಪ್ಲಾಟಿನಂ ಜಾತಿಯ ಕೀಮೋ ತಡಮಾಡದೆ ಶುರುವಾಗಬೇಕು.

ಇಲ್ಲೇ ಹೆಸರಿನ ಗೊಂದಲ ನೋಡಿ. ಅಂಡಾಶಯದ ಸಣ್ಣ ಕೋಶದ ಕ್ಯಾನ್ಸರ್ ಎಂದು ಕರೆಯುವುದೇ ಎರಡಿವೆ. ಒಂದು ವಯಸ್ಸಾದವರಿಗೆ ಬರುವ, ಶ್ವಾಸಕೋಶದ ಕ್ಯಾನ್ಸರಿನ ಹಾಗೆ ಕಾಣುವ, ನಿಜವಾದ ನ್ಯೂರೋಎಂಡೋಕ್ರೈನ್ ಜಾತಿ. ಇನ್ನೊಂದು ಹುಡುಗಿಯರಿಗೆ ಬರುವುದು, ಸರಾಸರಿ ವಯಸ್ಸು ಇಪ್ಪತ್ತೈದರ ಆಸುಪಾಸು. ಅದರಲ್ಲಿ ಮೂರರಲ್ಲಿ ಇಬ್ಬರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿರುತ್ತದೆ. ತಡೆಯಲಾಗದ ಬಾಯಾರಿಕೆ, ವಾಂತಿ, ಮಂಕು. ಅದನ್ನು 1982ರಲ್ಲಿ ಡಿಕರ್ಸಿನ್, ಕ್ಲೈನ್ ಮತ್ತು ಅದೇ ಸ್ಕಲ್ಲಿ ಮೊದಲು ಬಿಡಿಸಿ ಹೇಳಿದರು. ಅದು ಯಾವ ಜಾತಿ ಎಂದು ಮೂವತ್ತು ವರ್ಷ ಚರ್ಚೆ ನಡೆಯಿತು. ಹೆಸರು ನೋಡಿ ನ್ಯೂರೋಎಂಡೋಕ್ರೈನ್ ಸಾಲಿಗೆ ಸೇರಿಸಿದವರೂ ಇದ್ದರು. 2014ರಲ್ಲಿ ಬೇರೆ ಬೇರೆ ತಂಡಗಳು ಒಟ್ಟೊಟ್ಟಿಗೆ ಕಂಡುಕೊಂಡದ್ದು ಏನೆಂದರೆ, ಸ್ಮಾರ್ಕಾ-4 ಎಂಬ ಒಂದೇ ಜೀನ್ ಕೆಟ್ಟು ಇದು ಬರುತ್ತದೆ, ಆ ಸಾಲಿನದ್ದು ಅಲ್ಲವೇ ಅಲ್ಲ. ಕೆಲವು ಮನೆಗಳಲ್ಲಿ ಆ ಕೆಟ್ಟ ಜೀನ್ ಹುಟ್ಟಿನಿಂದಲೇ ಬಂದಿರುತ್ತದೆ, ಆಗ ಅಕ್ಕತಂಗಿಯರನ್ನೂ ನೋಡಬೇಕು. ಈಗ ಹೇಳಿ, ಡಿಸ್ಚಾರ್ಜ್ ಕಾಗದದಲ್ಲಿ ಬರೀ ‘ಅಂಡಾಶಯದ ಗಡ್ಡೆ ತೆಗೆಯಲಾಗಿದೆ’ ಎಂದಿದ್ದರೆ ಆ ಮನೆಯ ತಂಗಿಗೆ ಏನು ಗೊತ್ತಾಗಬೇಕು?

ಅಪರೂಪದ್ದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದಕ್ಕೆ ಇದೇ ಉತ್ತರ. ಸಾವಿರದಲ್ಲಿ ಒಂದು ಯಾವುದು ಎಂದು ಬೇಸಿನ್ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಎಷ್ಟು ಅನುಭವದ ಡಾಕ್ಟರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಸಾವಿರವನ್ನೂ ಕಳಿಸಬೇಕು, ಆಗ ಆ ಒಂದು ಸಿಗುತ್ತದೆ.

ಕಳಿಸುವುದು ಅಂದರೆ ಹೇಗೆ ಎಂಬುದೂ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಡಬ್ಬಿಯನ್ನು ಮನೆಯವರೇ ಬಸ್ಸಿನಲ್ಲಿ ಒಯ್ಯುವುದು ಇನ್ನೂ ಇದೆ. ನನ್ನ ಮೇಜಿಗೆ ಗಡ್ಡೆಗಳು ಸಲೈನ್ ನೀರಿನಲ್ಲಿ ಬಂದಿವೆ, ಸ್ಪಿರಿಟ್ಟಿನಲ್ಲಿ ಬಂದಿವೆ, ಒಮ್ಮೆ ಬರೀ ಬಟ್ಟೆ ಸುತ್ತಿ ಬಂದಿತ್ತು. ಒಂದು ದಿನ ತಡವಾದರೆ ಸೆಕೆಗೆ ಕೊಳೆತು ಹೋಗುತ್ತದೆ, ಆಮೇಲೆ ಯಾರೂ ಹೆಸರಿಡಲಾರರು. ಅದು ಫಾರ್ಮಲಿನ್ನಿನಲ್ಲೇ ಇರಬೇಕು. ಅಗಲ ಬಾಯಿಯ ಡಬ್ಬಿ, ಗಡ್ಡೆ ಮುಳುಗಿ ಇನ್ನೂ ಬಹಳಷ್ಟು ಉಳಿಯುವಷ್ಟು ಫಾರ್ಮಲಿನ್, ಗಡ್ಡೆಯ ಹತ್ತು ಪಟ್ಟು ಎಂದು ಲೆಕ್ಕ. ಡಬ್ಬಿಯ ಮೈಮೇಲೆ ಹೆಸರು, ಎಡವೋ ಬಲವೋ ಎಂಬುದು. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲು ಬದಲಾಗುತ್ತದೆ. ಜೊತೆಗಿನ ಚೀಟಿಯಲ್ಲಿ ಮುಖ ಕೆಂಪಾಗುತ್ತಿತ್ತು, ಭೇದಿ ಇತ್ತು ಎಂದು ಎರಡು ಸಾಲು ಬರೆಸಿ. ಆ ಎರಡು ಸಾಲು ನನಗೆ ಸಿಕ್ಕರೆ ಮೊದಲ ದಿನವೇ ಈ ಜಾತಿಯ ಕೋಶಗಳಲ್ಲಿರುವ ಕ್ರೋಮೊಗ್ರಾನಿನ್, ಸಿನಾಪ್ಟೊಫೈಸಿನ್ ಎಂಬ ವಸ್ತುಗಳನ್ನು ತೋರಿಸುವ ವಿಶೇಷ ಬಣ್ಣಗಳನ್ನು ಹಾಕಿ ನೋಡುತ್ತೇನೆ.

ಪರೀಕ್ಷೆ ಆದ ಮೇಲೆ ಉಳಿಯುವುದು ಒಂದು ಮೇಣದ ಬ್ಲಾಕ್. ಬೆಂಕಿಪೊಟ್ಟಣಕ್ಕಿಂತ ಸಣ್ಣದು. ನಮ್ಮ ಜಿಲ್ಲೆಯವರಿಗೆ ಅದರ ಬೆಲೆ ಬೇರೆಯವರಿಗಿಂತ ಜಾಸ್ತಿ. ನೋಡಿ, ಕಾರವಾರದವರು ಗೋವಾಕ್ಕೆ ಓಡುತ್ತಾರೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಮಂಗಳೂರಿಗೆ, ನಾವು ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ, ಒಳ್ಳೆಯದೇ. ಆದರೂ ದೊಡ್ಡ ಆಸ್ಪತ್ರೆ ಬೇಕು ಎಂದು 2022ರಲ್ಲಿ ಇಡೀ ಜಿಲ್ಲೆ ದನಿ ಎತ್ತಿದ್ದು ನಿಮಗೆ ನೆನಪಿದೆ. ಆ ಕೂಗಿನಲ್ಲಿ ನಾನೂ ಇದ್ದೆ. ಅದು ಬರುವವರೆಗೆ ನಮ್ಮ ಕಾಗದಗಳು ಮೂರು ದಿಕ್ಕಿಗೆ ಚೆಲ್ಲಿರುತ್ತವೆ. ಆಪರೇಷನ್ ಒಂದು ಊರಲ್ಲಿ, ಸ್ಕ್ಯಾನ್ ಇನ್ನೊಂದರಲ್ಲಿ. ಎಪ್ಪತ್ತು ವರ್ಷದ ಅಮ್ಮನನ್ನು ಬೆಂಗಳೂರಿನ ಕಿದ್ವಾಯಿಗೋ ಮುಂಬೈಯ ಟಾಟಾ ಆಸ್ಪತ್ರೆಗೋ ಕರೆದುಕೊಂಡು ಹೋಗಲು ಎಲ್ಲರಿಗೂ ಆಗುವುದಿಲ್ಲ. ಬ್ಲಾಕ್ ಹೋಗುತ್ತದೆ. ಇಂಥ ಅಪರೂಪದ ಗಡ್ಡೆಗಳನ್ನು ದಿನಾ ನೋಡುವವರ ಕಣ್ಣಿಗೆ ಅದನ್ನು ಕಳಿಸಿ ಎರಡನೇ ಅಭಿಪ್ರಾಯ ಕೇಳಬಹುದು. ಬ್ಲಾಕ್ ಮತ್ತು ಸ್ಲೈಡ್ ಬೇಕು ಎಂದು ಬರೆದು ಕೇಳಿದರೆ ಲ್ಯಾಬಿನವರು ಕೊಡುತ್ತಾರೆ. ನಾಚಿಕೆಪಟ್ಟುಕೊಳ್ಳಬೇಡಿ. ಡಾಕ್ಟರನ್ನು ಅನುಮಾನಿಸಿದ ಹಾಗಲ್ಲ ಅದು. ನಾನೇ ಎಷ್ಟೋ ಸಲ ನನ್ನ ಸ್ಲೈಡುಗಳನ್ನು ಬೇರೆಯವರಿಗೆ ಕಳಿಸಿ ಕೇಳುತ್ತೇನೆ.

ಹಣದ ವಿಷಯ ಒಂದು ಮಾತು. ಬಿಪಿಎಲ್ ಕಾರ್ಡು ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆ ಮಾಡಿಸಿಕೊಳ್ಳಬಹುದು. ಅಲ್ಲಿಯೂ ಮೊದಲು ಕೇಳುವುದು ಬಯಾಪ್ಸಿ ರಿಪೋರ್ಟನ್ನೇ.

ಇಷ್ಟಾದ ಮೇಲೆ ಪ್ರಶ್ನೆಗಳು ಬಂದವು. ಕೆಲವನ್ನು ಬರೆಯುತ್ತೇನೆ.

ಮುಟ್ಟು ನಿಲ್ಲುವಾಗಿನ ಬಿಸಿಗೂ ಇದಕ್ಕೂ ಹೇಗೆ ವ್ಯತ್ಯಾಸ ತಿಳಿಯುವುದು ಎಂದು ಮುಂದಿನ ಸಾಲಿನವರೊಬ್ಬರು ಕೇಳಿದರು. ಮೈ ಬಿಸಿಯಾಗಿ, ಬೆವರಿ, ರಾತ್ರಿ ಎಚ್ಚರವಾಗುವುದು ಹೆಚ್ಚಿನವರಿಗೆ ಮುಟ್ಟಿನದೇ, ಹೆದರಬೇಡಿ. ಬೆವರಿಲ್ಲದೆ ಮುಖ ಕೆಂಪಾಗುವುದು, ಜೊತೆಗೆ ನಿಲ್ಲದ ಭೇದಿ ಅಥವಾ ಹೊಸದಾಗಿ ಉಬ್ಬಸ, ಇವು ಒಟ್ಟಿಗೆ ಇದ್ದರೆ ಡಾಕ್ಟರಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ. ಭೇದಿಗೆ ಒಬ್ಬರು, ಬಿಸಿಗೆ ಒಬ್ಬರು ಎಂದು ಹಂಚಬೇಡಿ. ಅಂಡಾಶಯದ ಕ್ಯಾನ್ಸರಿಗೆ ಮಾಡುವ ಸಿಎ-125 ರಕ್ತ ಪರೀಕ್ಷೆ ನಾರ್ಮಲ್ ಬಂತು, ಹಾಗಾದರೆ ಏನೂ ಇಲ್ಲ ಅಲ್ವಾ ಎಂದು ಅವರೇ ಮತ್ತೆ ಕೇಳಿದರು. ಇಂಥ ಗಡ್ಡೆಗೆ ಆ ಪರೀಕ್ಷೆಯನ್ನು ನಂಬುವ ಹಾಗಿಲ್ಲ.

ಮೂತ್ರದಲ್ಲಿ ಪರೀಕ್ಷೆ ಇದೆಯಂತಲ್ಲ ಎಂದು ಒಬ್ಬ ಹುಡುಗಿ ಕೇಳಿದಳು, ನರ್ಸಿಂಗ್ ಓದುತ್ತಿರುವವಳು. ಇದೆ. 24 ತಾಸಿನ ಮೂತ್ರ ಹಿಡಿದು 5-ಎಚ್‌ಐಎಎ ಎಂಬ ವಸ್ತು ನೋಡುತ್ತಾರೆ, ಸೆರೊಟೊನಿನ್ ಮುರಿದಾಗ ಆಗುವುದು ಅದು. ಆದರೆ ಪರೀಕ್ಷೆಗೆ ಎರಡು ಮೂರು ದಿನ ಮೊದಲಿನಿಂದ ಅನಾನಸ್, ಬಾಳೆಹಣ್ಣು, ಟೊಮೆಟೊ, ಅಕ್ರೋಟು ತಿನ್ನಬಾರದು. ಅವುಗಳಲ್ಲೇ ಸೆರೊಟೊನಿನ್ ಇದೆ, ಲೆಕ್ಕ ತಪ್ಪಿಸುತ್ತವೆ. ಬನವಾಸಿಯ ಅನಾನಸ್ ಸೀಸನ್ನಿನಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ನಮ್ಮ ಮನೆಯ ಹಿತ್ತಲಲ್ಲೂ ಅದೇ ಇರುವುದು. ಹಾಗಾದರೆ ಅನಾನಸ್ ತಿಂದರೆ ಈ ಗಡ್ಡೆ ಬರುತ್ತದಾ ಎಂದು ಕೂಡಲೇ ಇನ್ನೊಬ್ಬರು ಕೇಳಿದರು. ಇಲ್ಲ, ಖಂಡಿತ ಇಲ್ಲ, ಪರೀಕ್ಷೆಯ ಮೂರು ದಿನ ಬಿಟ್ಟು ಆರಾಮಾಗಿ ತಿನ್ನಿ. ಅದೇ ಕ್ರೋಮೊಗ್ರಾನಿನ್ ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆಗೂ ಹೀಗೇ ಒಂದು ತೊಡಕಿದೆ. ದಿನಾ ಬೆಳಿಗ್ಗೆ ನುಂಗುವ ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ಅದನ್ನು ಏರಿಸುತ್ತದೆ. ನಮ್ಮಲ್ಲಿ ಗ್ಯಾಸ್ ಮಾತ್ರೆ ನುಂಗದ ಮನೆ ಯಾವುದು? ಆದ್ದರಿಂದ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಮೊದಲೇ ಹೇಳಿ.

ಕೊನೆಗೆ, ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಒಬ್ಬರು ಬಂದರು. ಅರವತ್ತರ ಹತ್ತಿರ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಒಳಗೆ ಮಡಚಿ ಮಡಚಿ ಮೆತ್ತಗಾದ ಕಾಗದಗಳು. ಮೂರು ವರ್ಷದ ಕೆಳಗೆ ಗಡ್ಡೆ ತೆಗೆದಿದ್ದಾರೆ, ಹೆಸರು ಏನು ಎಂದು ಇದರಲ್ಲಿ ಇದೆಯಾ ನೋಡಿ ಅಂದರು. ಡಿಸ್ಚಾರ್ಜ್ ಕಾಗದದ ಕೊನೆಯ ಸಾಲಿನಲ್ಲಿ ‘ಪೆಥಾಲಜಿ ವರದಿ ಬರಬೇಕಿದೆ’ ಎಂದಿತ್ತು. ಆಮೇಲೆ ಅದನ್ನು ತರಲು ಯಾರೂ ಹೋಗಿಲ್ಲ. ಮಗ ಪುಣೆಯಲ್ಲಿ, ಗಂಡನಿಗೆ ಕಣ್ಣು ಕಾಣುವುದಿಲ್ಲ.

ಅವರ ಒಪ್ಪಿಗೆ ಕೇಳಿ ಸೋಮವಾರ ಲ್ಯಾಬಿಗೆ ಫೋನ್ ಮಾಡಿದೆ. ವರದಿ ಮೂರು ವರ್ಷದಿಂದ ಸಿದ್ಧವಾಗಿತ್ತು. ಬ್ಲಾಕ್ ಕೂಡ ಇದೆ ಅಂದರು. ಸಾದಾ ಡರ್ಮಾಯ್ಡ್, ಬೇರೇನೂ ಇಲ್ಲ. ಸಂಜೆ ಅವರಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಪೆನ್ನು ಹುಡುಕುವ ಸದ್ದು ಕೇಳಿಸಿತು.

‘ಹೆಸರು ಇನ್ನೊಂದು ಸಲ ಹೇಳಿ, ನಿಧಾನಕ್ಕೆ. ಬರೆದುಕೊಳ್ತೇನೆ.’